ಒಲೆ ಹಿಂದಿನ ಗೋಡೆಗೆ ಟೈಲ್ಸ್ ಹಾಕಿಸೋ ಮುಂಚೆ

ಅಡುಗೆಮನೆಗೆ ಟೈಲ್ಸ್ ಆರಿಸೋ ಮುಂಚೆ ನಿಮ್ಮನೇಲಿ ದಿನಕ್ಕೆ ಎಷ್ಟು ಒಗ್ಗರಣೆ ಬೀಳುತ್ತೆ ಅಂತ ಯೋಚನೆ ಮಾಡಿ. ಈಗಿನವರು ಅದೊಂದು ಬಿಟ್ಟು ಬೇರೆಲ್ಲ ಯೋಚಿಸ್ತಾರೆ. ಫೋನಿನಲ್ಲಿ ಯಾವುದೋ ದೇಶದ ಅಡುಗೆಮನೆ ನೋಡ್ತಾರೆ, ಸಣ್ಣಸಣ್ಣ ಬಿಳಿ ಟೈಲ್ಸ್, ನಡುವೆ ಬೆಳ್ಳನೆ ಸಂದು, ನಮಗೂ ಅದೇ ಬೇಕು ಅಂತ ಹಟ ಹಿಡೀತಾರೆ. ಆ ಮನೇಲಿ ಸಾಸಿವೆ ಸಿಡಿಯುತ್ತಾ? ನಮ್ಮಲ್ಲಿ ಬೆಳಿಗ್ಗೆ ಉಪ್ಪಿಟ್ಟಿಗೊಂದು ಒಗ್ಗರಣೆ, ಸಾರಿಗೊಂದು, ಪಲ್ಯಕ್ಕೊಂದು, ರಾತ್ರಿ ಅನ್ನ ಮಿಕ್ಕಿದ್ರೆ ಚಿತ್ರಾನ್ನಕ್ಕೆ ಮತ್ತೊಂದು. ನನ್ನ ತಂಗಿ ಸೊಸೆ ಎಷ್ಟು ಹೇಳಿದ್ರೂ ಕೇಳದೆ ಹಾಗೇ ಹಾಕಿಸಿದಳು. ಈಗ ಒಲೆ ಹಿಂದಿನ ಸಂದೆಲ್ಲ ಅರಿಶಿನ. ಭಾನುವಾರ ಬಂದ್ರೆ ಹಳೇ ಹಲ್ಲುಜ್ಜೋ ಬ್ರಷ್ ಹಿಡಿದು ತಿಕ್ಕುತ್ತಾ ನಿಂತಿರ್ತಾಳೆ. ನೋಡಿದ್ರೆ ಸಿಟ್ಟೂ ಬರುತ್ತೆ, ಸಂಕಟಾನೂ ಆಗುತ್ತೆ.

ಟೈಲ್ಸ್ ಮೇಲಿನ ಜಿಡ್ಡು ಒರೆಸಿದ್ರೆ ಹೋಗುತ್ತೆ, ಸಂದಿಗೆ ಇಳಿದದ್ದು ಹೋಗಲ್ಲ. ಅದಕ್ಕೇ ಸಂದು ಕಡಿಮೆ ಇರೋ ಹಾಗೆ ದೊಡ್ಡ ಟೈಲ್ಸ್ ತಗೊಳ್ಳಿ. ಒಂದಡಿ ಅಗಲ, ಎರಡಡಿ ಉದ್ದದ್ದು ಎಲ್ಲ ಅಂಗಡೀಲೂ ಸಿಗುತ್ತೆ. ಅಡ್ಡಕ್ಕೆ ಹಾಕಿಸಿದ್ರೆ ಕಟ್ಟೆಯಿಂದ ಎರಡಡಿ ಎತ್ತರಕ್ಕೆ ಎರಡೇ ಸಾಲು ಸಾಕು. ಒಲೆ ಇರೋ ಕಡೆ ಮಾತ್ರ ಜಿಪುಣತನ ಮಾಡದೆ ಚಿಮಣಿ ತನಕ ಏರಿಸಿ. ಮೇಲ್ಮೈ ನುಣ್ಣಗೆ ಹೊಳೀಬೇಕು. ಕಲ್ಲಿನ ಥರ ಉಬ್ಬುತಗ್ಗು ಇರೋದನ್ನ ಹಜಾರಕ್ಕೆ ಹಾಕಿಕೊಳ್ಳಿ, ಎಣ್ಣೆ ಹತ್ತಿರ ತರಬೇಡಿ. ಕಡುಗಪ್ಪೂ ಬೇಡ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದರ ಮೇಲೆ ಬಿಳಿ ಕಲೆ ಎದ್ದು ಕಾಣುತ್ತೆ.

ನಮ್ಮ ಕಾಲಕ್ಕೆ ಟೈಲ್ಸ್ ಎಲ್ಲಿತ್ತು? ಸೌದೆ ಒಲೆ, ಗೋಡೆ ತುಂಬ ಮಸಿ. ದೀಪಾವಳಿ ಹತ್ತಿರ ಬಂದಾಗ ನಮ್ಮತ್ತೆ ಸುಣ್ಣ ನೆನೆಹಾಕಿ, ಒಂದು ಚಿಟಿಕೆ ನೀಲಿ ಬೆರೆಸಿ, ತಾವೇ ಸೆರಗು ಸಿಕ್ಕಿಸಿ ಬಳೀತಿದ್ರು. ಗ್ಯಾಸ್ ಬಂದ ಮೇಲೆ ಆರಿಂಚಿನ ಬಿಳಿ ಟೈಲ್ಸ್ ಹಾಕಿಸಿದ್ವಿ. ಅತ್ತೆ ಅದನ್ನ ಮುಟ್ಟಿ ಮುಟ್ಟಿ ನೋಡಿ, ‘ಇನ್ನು ಸುಣ್ಣದ ಕೆಲಸ ತಪ್ಪಿತು’ ಅಂದಿದ್ರು. ಒಂದೇ ವರ್ಷದಲ್ಲಿ ಅದರ ಸಂದುಗಳೂ ಹಳದಿಯಾದವು. ಆಗಿನಿಂದ ನಾನು ಪರೀಕ್ಷೆ ಮಾಡದೆ ಯಾರಿಗೂ ಟೈಲ್ಸ್ ಕೊಳ್ಳೋಕೆ ಬಿಡಲ್ಲ.

ಆ ಪರೀಕ್ಷೆ ಹೀಗೆ. ಮೆಚ್ಚಿದ ಟೈಲ್ಸ್ ಎರಡು ಮನೆಗೆ ತನ್ನಿ. ಸುಮ್ಮನೆ ಕೊಡದಿದ್ರೆ ದುಡ್ಡು ಕೊಟ್ಟು ತನ್ನಿ, ಅದಕ್ಕೆಲ್ಲ ಹಿಂದೆಮುಂದೆ ನೋಡಬಾರದು. ಒಂದು ಹಲಗೆ ಮೇಲೆ ಎರಡನ್ನೂ ಪಕ್ಕಪಕ್ಕ ಅಂಟಿಸಿ, ನಡುವೆ ಎರಡು ಮಿಲಿಮೀಟರ್ ಸಂದು ಬಿಡಿ. ಅಂಗಡಿಯವನು ಹೇಳಿದ ಗ್ರೌಟ್, ಅಂದ್ರೆ ಸಂದು ತುಂಬೋ ಸಾಮಾನು, ಸ್ವಲ್ಪ ತಂದು ಗಟ್ಟಿ ಚಟ್ನಿ ಹದಕ್ಕೆ ಕಲಸಿ ಸಂದಿಗೆ ಒತ್ತಿ, ಮೇಲಿನದನ್ನ ಒರೆಸಿ, ಮೂರು ದಿನ ಒಣಗೋಕೆ ಬಿಡಿ. ಮೂರು ದಿನ ಅಂದ್ರೆ ಮೂರು ದಿನವೇ, ಅವಸರ ಬೇಡ. ಆಮೇಲೆ ಹಲಗೆಯನ್ನ ಒಲೆ ಹಿಂದೆ ನಿಲ್ಲಿಸಿ. ಮಲಗಿಸಬಾರದು, ಗೋಡೆ ಮೇಲೆ ಎಣ್ಣೆ ಇಳಿಯೋ ಹಾಗೆ ಇಲ್ಲೂ ಇಳೀಬೇಕು. ರಾತ್ರಿ ಅಡುಗೆ ಮಾಡುವಾಗ ಎಣ್ಣೆ, ಸಾಸಿವೆ, ಇಂಗು, ಕೈತುಂಬ ಅರಿಶಿನ ಹಾಕಿ ನಿಜವಾದ ಒಗ್ಗರಣೆಯನ್ನೇ ಮಾಡಿ. ಅದು ಬೆಚ್ಚಗಿರುವಾಗ ಒಂದು ಚಮಚ ತಗೊಂಡು ಎರಡು ಟೈಲ್ಸಿಗೂ ಸಂದಿಗೂ ಸೇರಿಸಿ ಬಳೀರಿ. ಪಕ್ಕದಲ್ಲಿ ಒಂದು ಗೆರೆ ಹುಣಸೆ ರಸ ಎಳೀರಿ. ಬೆಳಗಿನ ತನಕ ಮುಟ್ಟಬೇಡಿ.

ಬೆಳಿಗ್ಗೆ ಮೊದಲು ಹಳೇ ಪಂಚೆ ತುಂಡಿನಿಂದ ಒಣ ಒರೆಸಿ, ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ. (ಈ ಒರೆಸೋ ಬಟ್ಟೆ ವಿಷಯ ಬಂತಲ್ಲ, ಅದನ್ನ ಸಿಂಕ್ ಅಂಚಿಗೆ ಮುದ್ದೆ ಮಾಡಿ ಬಿಸಾಡಿರ್ತೀರಿ. ವಾರಕ್ಕೊಮ್ಮೆ ವಾಷಿಂಗ್ ಸೋಡಾ ಹಾಕಿ ಕುದಿಸಿ, ಬಿಸಿಲಲ್ಲಿ ಹರವಿ. ನಾರೋ ಬಟ್ಟೇಲಿ ಕಟ್ಟೆ ಒರೆಸೋದು ಒಂದೇ, ಒರೆಸದೇ ಇರೋದು ಒಂದೇ.) ಒಣಗಿದ ಮೇಲೆ ದೀಪ ಆರಿಸಿ, ಟಾರ್ಚನ್ನ ಟೈಲ್ಸ್ ಪಕ್ಕದಿಂದ ಓರೆಯಾಗಿ ಹಿಡೀರಿ. ಎದುರಿಂದ ಹಿಡಿದ್ರೆ ಏನೂ ಕಾಣಲ್ಲ. ಓರೆ ಬೆಳಕಲ್ಲಿ ಸಣ್ಣ ಗುಳಿ, ಎಣ್ಣೆ ಪದರ ಎಲ್ಲ ಗೊತ್ತಾಗುತ್ತೆ. ಒಂದೇ ಒಂದು ಗುಳೀಲಿ ಹಳದಿ ಉಳಿದಿದ್ರೂ ಆ ಟೈಲ್ಸ್ ಬೇಡ. ಕೆಲವರು ಅರಿಶಿನ ಬಿಸಿಲಿಗೆ ಹೋಗುತ್ತೆ ಬಿಡಿ ಅಂತಾರೆ. ಬಟ್ಟೆ ಮೇಲಿಂದ ಹೋಗುತ್ತೆ, ನಿಜ. ನಿಮ್ಮ ಅಡುಗೆಮನೆ ಗೋಡೆಗೆ ಬಿಸಿಲು ಬೀಳುತ್ತಾ? ಈಗ ಸಂದು ನೋಡಿ. ಸಿಮೆಂಟಿನ ಗ್ರೌಟ್ ಆದ್ರೆ ಹಳದಿ ಕುಡಿದಿರುತ್ತೆ. ಎಪಾಕ್ಸಿ ಗ್ರೌಟ್, ಅಂದ್ರೆ ಸಿಮೆಂಟ್ ಬದಲು ರಾಳದಂಥ ಅಂಟಿರೋದು, ಆದ್ರೆ ಕುಡಿಯಲ್ಲ. ಬೆಲೆ ಜಾಸ್ತಿ, ಆದ್ರೆ ಒಲೆ ಹಿಂದೆ ಅದನ್ನೇ ಹಾಕಿಸಿ. ಅಷ್ಟು ಶಕ್ತಿ ಇಲ್ಲದಿದ್ರೆ ಬೂದಿ ಬಣ್ಣದ ಗ್ರೌಟ್, ಬಿಳಿ ಮಾತ್ರ ಬೇಡವೇ ಬೇಡ. ಎಪಾಕ್ಸಿ ಬೇಗ ಬಿಗಿಯುತ್ತೆ. ಸ್ವಲ್ಪಸ್ವಲ್ಪವೇ ಕಲಸಿ ಆಗಿಂದಾಗಲೇ ಒರೆಸೋಕೆ ಮೇಸ್ತ್ರಿಗೆ ಹೇಳಿ.

ಇನ್ನು ಕೆಲಸ ಮಾಡಿಸೋದು. ಟೈಲ್ಸ್ ಡಬ್ಬಗಳ ಮೇಲೆ ಬ್ಯಾಚ್ ನಂಬರ್, ಶೇಡ್ ಬರೆದಿರುತ್ತೆ, ಎಲ್ಲ ಒಂದೇ ಇರ್ಲಿ. ನೂರಕ್ಕೆ ಹತ್ತು ಹೆಚ್ಚಿಗೆ ತನ್ನಿ. ಮಿಕ್ಸಿ, ಗ್ರೈಂಡರ್ ಪ್ಲಗ್ಗುಗಳ ಬಾಕ್ಸೆಲ್ಲ ಟೈಲ್ಸಿಗೆ ಮುಂಚೆ ಕೂರಲಿ, ಒಲೆ ನೇರಕ್ಕೆ ಒಂದೂ ಬೇಡ. ಗೋಡೆಗೆ ಪೇಂಟ್ ಇದ್ರೆ ಚೆನ್ನಾಗಿ ಕಚ್ಚು ಹೊಡೆಸಿ, ಇಲ್ಲದಿದ್ರೆ ಪೇಂಟಿನ ಜೊತೆ ಟೈಲ್ಸೂ ಎದ್ದು ಬರುತ್ತೆ. ಸೆರಾಮಿಕ್ ಟೈಲ್ಸನ್ನ ಸಿಮೆಂಟಲ್ಲಿ ಕೂರಿಸೋದಾದ್ರೆ ನೀರಲ್ಲಿ ಗುಳ್ಳೆ ನಿಲ್ಲೋ ತನಕ ನೆನೆಸಬೇಕು, ಒಣ ಟೈಲ್ಸ್ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತೆ. ವಿಟ್ರಿಫೈಡ್ ಟೈಲ್ಸ್, ಅಂದ್ರೆ ಗಾಜಿನ ಹಾಗೆ ಗಟ್ಟಿಯಾಗೋ ತನಕ ಸುಟ್ಟದ್ದು, ನೀರು ಕುಡಿಯೋದೇ ಇಲ್ಲ ಅನ್ನಬಹುದು. ಅದಕ್ಕೆ ಬರೀ ಸಿಮೆಂಟ್ ಹಿಡಿಯಲ್ಲ, ಟೈಲ್ಸ್ ಅಂಟೇ ಬೇಕು.

ಮೇಸ್ತ್ರಿ ಪಕ್ಕದಲ್ಲಿ ನಿಂತ್ಕೊಳ್ಳಿ, ಫೋನ್ ನೋಡ್ತಾ ಹೊರಗೆ ಕೂರಬೇಡಿ. ನಡುವೆ ಒಂದು ಮುದ್ದೆ ಇಟ್ಟು ಟೈಲ್ಸ್ ಒತ್ತಿಬಿಡೋರು ಇದ್ದಾರೆ. ನಾಲ್ಕು ಮೂಲೆ ಟೊಳ್ಳು ಉಳಿದು, ಮುಂದೆ ಮೊಳೆ ಹೊಡೆಯೋಕೆ ಹೋದ್ರೆ ಬಿರುಕು. ಬೆನ್ನಿಗೆಲ್ಲ ಅಂಟು ಹರಡಲಿ. ಮೊದಲ ಸಾಲಿಗೆ ರಸಮಟ್ಟ ಇಟ್ಟು ನೋಡಿ, ಅದೊಂದು ಓರೆಯಾದ್ರೆ ಮೇಲಿನದೆಲ್ಲ ಓರೆ. ಒಲೆಯ ನಡುವಿನಿಂದ ಶುರು ಮಾಡಿಸಿ, ಕತ್ತರಿಸಿದ ತುಂಡುಗಳು ಮೂಲೆಗೆ ಹೋಗಲಿ. ಮಾರನೇ ದಿನ ಗ್ರೌಟ್ ಹಾಕೋ ಮುಂಚೆ ಒಂದು ನಾಣ್ಯ ತಗೊಂಡು ಪ್ರತಿ ಟೈಲ್ಸನ್ನೂ ಮೂಲೆಮೂಲೆ ತಟ್ಟಿ. ಡಬಡಬ ಅಂದದ್ದನ್ನ ಆಗಲೇ ತೆಗೆಸಿ.

ಗ್ರಾನೈಟ್ ಕಟ್ಟೆ ಮತ್ತು ಟೈಲ್ಸ್ ಸೇರೋ ಕಡೆ ಸಿಮೆಂಟ್ ಮೆತ್ತಿಸಬೇಡಿ. ಕಟ್ಟೆ ಒಂಚೂರು ಅಲುಗಿದ್ರೂ ಅದು ಬಿರಿದು, ಒಳಗೆ ನೀರು ಇಳಿದು ಜಿರಳೆ ಸಂಸಾರ ಹೂಡ್ತವೆ. ಅಲ್ಲಿಗೆ ರಬ್ಬರಿನ ಹಾಗೆ ಬಗ್ಗೋ ಸಿಲಿಕೋನ್ ಅಂಟು ಹಾಕಿಸಿ, ಒಂದು ದಿನ ನೀರು ತಾಕಿಸಬೇಡಿ. ಕೆಲಸ ಮುಗಿದ ಮೇಲೆ ಮೇಸ್ತ್ರಿ ಆಸಿಡ್ ಬಾಟ್ಲಿ ತೆಗೆದ್ರೆ ಕೈ ಹಿಡಿದು ನಿಲ್ಲಿಸಿ, ಅದು ಸಿಮೆಂಟ್ ಗ್ರೌಟನ್ನ ತಿಂದು ಹಾಕುತ್ತೆ. ಮಿಕ್ಕ ಟೈಲ್ಸನ್ನ ಯಾರಿಗೂ ಕೊಡದೆ, ಬ್ಯಾಚ್ ನಂಬರ್ ಇರೋ ಡಬ್ಬದ ಸಮೇತ ಅಟ್ಟದ ಮೇಲೆ ನಿಲ್ಲಿಸಿಡಿ.