ಬೇರು ಕತ್ತರಿಸಿದೆವು, ಸಸಿ ನೆಡಲಿಲ್ಲ

ಕೊಡಗಿನ ತಿತಿಮತಿ ಕಡೆ ನಾಗರಹೊಳೆ ಕಾಡಿಗೆ ಅಂಟಿಕೊಂಡ ಹದಿನಾಲ್ಕು ಎಕರೆ ಬಾಣೆಯನ್ನು, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗವನ್ನು, ಮತ್ತೆ ಕಾಡು ಬೆಳೆಸಲೆಂದು ಬೆಳೆಗಾರರೊಬ್ಬರು ನಮ್ಮ ಪುಟ್ಟ ಟ್ರಸ್ಟಿನ ಕೈಗೆ ಒಪ್ಪಿಸಿದಾಗ, ಅದರಲ್ಲಿ ಹನ್ನೊಂದು ಎಕರೆಯಷ್ಟು ಬರೀ ಲಂಟಾನವೇ ಇತ್ತು, ಹೊರದೇಶದಿಂದ ಬಂದು ಕಾಡನ್ನು ಮುಚ್ಚುವ ಆ ಮುಳ್ಳುಪೊದೆ. ಉಳಿದ ಕಡೆ ಕಮ್ಯುನಿಸ್ಟ್ ಗಿಡ, ಅದೂ ಹೊರಗಿನಿಂದ ಬಂದ ಕಳೆಯೇ. ಪಕ್ಕದ ತೋಟದವರು ಬೇಲಿಯಾಚೆ ನಿಂತು, ‘ಇದನ್ನು ತೆಗೆಯುವುದೂ ಒಂದೇ, ಕಕ್ಕಡದ ಜಡಿಮಳೆಯನ್ನು ಚೊಂಬಿನಲ್ಲಿ ಮೊಗೆಯುವುದೂ ಒಂದೇ’ ಎಂದರು. ಮೊದಲ ಮೂರು ವರ್ಷ ಅವರ ಮಾತೇ ನಿಜವಾಯಿತು.

ಮೊದಲ ವರ್ಷ ಜೆಸಿಬಿ ತರಿಸಿದೆವು. ಗಂಟೆಗೆ ಸಾವಿರದ ಇನ್ನೂರರ ಆಸುಪಾಸು ಬಾಡಿಗೆ. ಒಟ್ಟು ಒಂದು ಲಕ್ಷ ಅರವತ್ತು ಸಾವಿರವೋ ಏನೋ ಕರಗಿತು. ನೆಲ ಬೋಳಾಗಿ ಚೆನ್ನಾಗಿ ಕಂಡಿತು, ಫೋಟೋ ತೆಗೆದು ಎಲ್ಲರಿಗೂ ಕಳುಹಿಸಿದೆ. ಮುಂಗಾರು ಹಿಡಿದು ಎರಡು ತಿಂಗಳಾಗುವಷ್ಟರಲ್ಲಿ, ಕಲಕಿದ ಮಣ್ಣಿನೊಳಗೆ ಮಲಗಿದ್ದ ಬೀಜವೆಲ್ಲ ಎದ್ದು ಲಂಟಾನದ ಮಡಿಯಾಯಿತು. ಎರಡನೆಯ ವರ್ಷ ಕತ್ತಿಯಿಂದ ಸವರಿ ಸುಟ್ಟೆವು. ಸುಟ್ಟ ಬುಡ ಒಂದೊಂದರಿಂದಲೂ ಏಳೆಂಟು ಚಿಗುರು ಬಂದವು. ಮೂರನೆಯ ವರ್ಷದ ಕಥೆ ಹೇಳಲು ನಾಚಿಕೆ. ದಾನಿ ಸಂಸ್ಥೆಯೊಂದು ಸಸಿ ನೆಟ್ಟರೆ ಮಾತ್ರ ಹಣ ಎಂದಿತು. ಹೊನ್ನೆ, ಮತ್ತಿ, ನೇರಳೆ ಸೇರಿಸಿ ಸುಮಾರು ಮೂರು ಸಾವಿರ ಸಸಿ ನೆಟ್ಟೆವು. ಜಿಂಕೆಗಳಿಗೆ ಹಬ್ಬ. ಆನೆಗಳು ತಿನ್ನಲಿಲ್ಲ, ಸುಮ್ಮನೆ ಕಿತ್ತು ಪಕ್ಕಕ್ಕಿಟ್ಟು ಹೋದವು. ಮರುವರ್ಷ ಎಣಿಸಿದಾಗ ನಾನೂರೂ ಇರಲಿಲ್ಲ.

ಕೊನೆಗೆ ಕೈಹಿಡಿದದ್ದು ಬೇರು ಕತ್ತರಿಸುವ ವಿಧಾನ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ್ದು ಅದು, ನನ್ನದಲ್ಲ. ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವುದೇ: ಚಿಗುರೊಡೆಯುವ ಬುಡಭಾಗದ ಕೆಳಗೆ, ಮಣ್ಣಿನಲ್ಲಿ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಡುವುದು. ಓದಲು ಸುಲಭ. ನಾವು ಮೊದಲು ಕಡಿದ ಅರ್ಧ ಎಕರೆಯಲ್ಲಿ ಮೂರರಲ್ಲಿ ಒಂದು ಬುಡ ಮತ್ತೆ ಚಿಗುರಿತು. ಪಿಕಾಸಿಯನ್ನು ನೆಟ್ಟಗೆ ಇಳಿಸುತ್ತಿದ್ದುದೇ ತಪ್ಪು. ಓರೆಯಾಗಿ ಹಿಡಿಯಬೇಕು, ಕಡಿಯುವವರು ಇಳಿಜಾರಿನ ಕೆಳಬದಿಯಲ್ಲಿ ನಿಲ್ಲಬೇಕು. ಇದನ್ನು ನನಗೆ ಕಲಿಸಿದವರು ಜೇನುಕುರುಬ ಹಾಡಿಯಿಂದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಜ್ಜಿ. ನಾನು ಮುದ್ರಿಸಿ ತಂದಿದ್ದ ಚಿತ್ರವನ್ನು ಅವರು ತಿರುಗಿಯೂ ನೋಡಲಿಲ್ಲ.

ಕಾಲವೂ ಮುಖ್ಯ. ಕಾಫಿ ಗಿಡ ಹೂ ಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ವಾರದಲ್ಲಿ ಮಣ್ಣು ಮೆತ್ತಗಿರುತ್ತದೆ, ಕುಯ್ಲು ಮುಗಿದು ಆಳುಗಳೂ ಸಿಗುತ್ತಾರೆ. ಜನವರಿಯಲ್ಲಿ ಆಳು ಹುಡುಕಿ ಹೋದರೆ ತೋಟದವರ ಜೊತೆ ಕೂಲಿಯ ಹರಾಜಿಗೆ ನಿಂತಂತೆ.

ಇನ್ನು ಸ್ವಲ್ಪ ನನ್ನ ಬುದ್ಧಿಯ ಮಾತು, ಜಂಭವೆಂದರೂ ಸರಿಯೇ. ತಲೆಕೆಳಗಾದ ಪೊದೆಗಳನ್ನು ರಾಶಿ ಹಾಕಿ ಸುಡಲಿಲ್ಲ. ಲಂಟಾನದ ಅಡಿಯಲ್ಲಿ ಉಸಿರು ಹಿಡಿದು ಬದುಕಿದ್ದ ಬೀಟೆ, ನಂದಿ, ನೇರಳೆಯ ಮರಿಗಿಡಗಳು ಕಂಡಲ್ಲೆಲ್ಲ ಅವುಗಳ ಸುತ್ತ ಒಣ ಪೊದೆಯನ್ನೇ ಕವುಚಿದೆವು. ಆ ಮುಳ್ಳಿನೊಳಗೆ ಜಿಂಕೆ ಮೂತಿ ಹಾಕುವುದಿಲ್ಲ. ಪೊದೆ ಮಣ್ಣಾಗುವಷ್ಟರಲ್ಲಿ ಗಿಡ ಸೊಂಟದೆತ್ತರ. ತಂತಿಬೇಲಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ತೆರವಾದ ನೆಲಕ್ಕೆ ತಕ್ಷಣ ಹುಲ್ಲು ಚೆಲ್ಲಬೇಕು, ಇಲ್ಲದಿದ್ದರೆ ಕಮ್ಯುನಿಸ್ಟ್ ಗಿಡ ಕಾದು ಕುಳಿತಿರುತ್ತದೆ. ಯಾವ ಹುಲ್ಲು, ಬೀಜವನ್ನು ಯಾವುದರಲ್ಲಿ ನೆನೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಾಣೆಗೆ ಬಂದು ಒಂದು ದಿನ ಪಿಕಾಸಿ ಹಿಡಿದವರಿಗೆ ಹೇಳುತ್ತೇನೆ.

ನಡುವೆ ಕೆಲವು ಹುಚ್ಚಾಟಗಳೂ ನಡೆದವು. ಹಕ್ಕಿಗಳು ಕುಳಿತು ಕಾಡಿನ ಬೀಜ ಉದುರಿಸಲಿ ಎಂದು ನಲವತ್ತು ಬಿದಿರಿನ ಕಂಬ ನೆಟ್ಟೆ. ಪಿಕಳಾರಗಳು ಬಂದು ಕುಳಿತವು ನಿಜ, ಉದುರಿಸಿದ್ದು ಲಂಟಾನದ ಬೀಜವನ್ನೇ! ಪ್ರತಿ ಕಂಬದ ಬುಡದಲ್ಲೂ ದುಂಡಗೆ ಲಂಟಾನದ ಮರಿಗಳು. ಸುತ್ತ ಲಂಟಾನ ಹಣ್ಣು ಬಿಡುತ್ತಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಇನ್ನೊಮ್ಮೆ ಆನೆಲದ್ದಿಯನ್ನು ಬುಟ್ಟಿಗಳಲ್ಲಿ ತಂದು ತೆರವಾದ ಜಾಗದಲ್ಲಿ ಇಟ್ಟೆ, ಹಲಸು ಹುಟ್ಟಲಿ ಎಂದು. ಒಂಬತ್ತೋ ಹತ್ತೋ ಹಲಸು ಹುಟ್ಟಿದವು. ಜೊತೆಗೆ ರೊಬಸ್ಟಾ ಕಾಫಿಯ ಗಿಡಗಳೂ, ಬೇಕಾದಷ್ಟು. ತೋಟಕ್ಕೆ ನುಗ್ಗಿ ಕಾಫಿಹಣ್ಣು ಮೇಯುವ ಆನೆಗಳಿಂದ ಬೇರೇನು ನಿರೀಕ್ಷಿಸಬಹುದು? ‘ಟ್ರಸ್ಟ್ ಕಾಡು ಬೆಳೆಸುತ್ತೇನೆಂದು ತೋಟ ಮಾಡುತ್ತಿದೆ’ ಎಂಬ ಸುದ್ದಿ ಗೋಣಿಕೊಪ್ಪದ ಸಂತೆಯವರೆಗೆ ಹೋಯಿತು. ಎಲ್ಲವನ್ನೂ ಕೀಳಿಸಿದೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಬೇರು ಕತ್ತರಿಸುವ ಈ ವಿಧಾನಕ್ಕೆ ಎಕರೆಗೆ ಮೊದಲ ವರ್ಷ ಇಪ್ಪತ್ತೆರಡು ಸಾವಿರದ ಹತ್ತಿರ, ಬಹುಪಾಲು ಕೂಲಿಯೇ. ಎರಡನೆಯ ವರ್ಷ ಮಳೆಗಾಲಕ್ಕೆ ಮುನ್ನ ಮತ್ತು ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಎರಡು ಸಲ ಮರಿಗಳನ್ನು ಕೈಯಿಂದ ಕಿತ್ತದ್ದಕ್ಕೆ ಏಳೆಂಟು ಸಾವಿರ. ಮೂರನೆಯ ವರ್ಷ ಅದರ ಅರ್ಧ. ಎರಡನೆಯ ವರ್ಷದ ಕೀಳುವಿಕೆಗೆ ಜಿಪುಣತನ ಮಾಡಿದರೆ ಮೊದಲ ವರ್ಷದ ಹಣ ಹೊಳೆಗೆ ಹಾಕಿದಂತೆಯೇ. ಎರಡು ಎಕರೆಯಲ್ಲಿ ಹಾಗೆ ಮಾಡಿ ಕೈಸುಟ್ಟುಕೊಂಡಿದ್ದೇನೆ. ಆದರೆ ಹಣ ಕೊಡುವವರು ಕೇಳುವ ಪ್ರಶ್ನೆ ಒಂದೇ: ಎಷ್ಟು ಸಸಿ ನೆಟ್ಟಿರಿ? ‘ಒಂದೂ ಇಲ್ಲ, ಇದ್ದದ್ದನ್ನು ಉಳಿಸಿದೆವು’ ಎಂದು ವರದಿ ಬರೆದೆ. ಆ ದಾನಿ ಸಂಸ್ಥೆ ಮುಂದಿನ ಕಂತು ನಿಲ್ಲಿಸಿತು. ಒಂದು ವರ್ಷ ನನ್ನ ತೋಟದ ಕರಿಮೆಣಸಿನ ದುಡ್ಡಿನಲ್ಲೇ ಕೂಲಿ ಕೊಟ್ಟೆ. ಮನೆಯಲ್ಲಿ ಅದರ ಮಾತು ಈಗಲೂ ಬರುತ್ತದೆ.

ಈಗ ಒಂಬತ್ತು ಎಕರೆ ತೆರವಾಗಿದೆ. ಕಾಟಿಗಳು, ಅಂದರೆ ಕಾಡುಕೋಣಗಳು, ಹುಲ್ಲಿಗೆ ಬಂದು ಹಗಲಲ್ಲೇ ನಿಲ್ಲುತ್ತವೆ. ಲಂಟಾನ ತೆಗೆದರೆ ಆನೆ ನೇರವಾಗಿ ತೋಟಕ್ಕೆ ಬರುತ್ತದೆ ಎಂದು ಹೆದರಿಸುತ್ತಿದ್ದ ಪಕ್ಕದವರು, ಆನೆ ಎಲ್ಲಿ ನಿಂತಿದೆ ಎಂದು ಈಗ ದೂರದಿಂದಲೇ ಕಾಣುತ್ತದೆ ಎನ್ನುತ್ತಾರೆ. ಕಳೆದ ತಿಂಗಳು ಇಬ್ಬರು ಆಳುಗಳನ್ನು ಸಾಲವಾಗಿ ಕೇಳಿದರು, ಅದೂ ಮಧ್ಯವರ್ತಿಯ ಮೂಲಕ.

ಕೆರೆಯ ಬದಿಯ ಅರ್ಧ ಎಕರೆಯನ್ನು ಬೇಕೆಂದೇ ಮುಟ್ಟಿಲ್ಲ. ನಂಬದವರು ಬಂದರೆ ಮೊದಲು ಅವರನ್ನು ಆ ಲಂಟಾನದೊಳಗೆ ನಡೆಸುತ್ತೇನೆ. ಮೈಕೈ ಗೀರಿಸಿಕೊಂಡು, ಕಾಲಿಗೆ ಉಣ್ಣಿ ಹುಳ ಹತ್ತಿಸಿಕೊಂಡು ಹೊರಬಂದ ಮೇಲೆ ಹುಲ್ಲಿನ ಮೇಲೆ ಕೂರಿಸಿ ಕಾಫಿ ಕೊಡುತ್ತೇನೆ.