ಕಾರ್ಡ್ ಹಾಕಿದರೆ ಸಾಲದು, ಖಾತೆಯೂ ಬದಲಾಗಬೇಕು
ಹಳೇ ಲಿನಕ್ಸ್ ಕಂಪ್ಯೂಟರಿಗೆ ನೆಟ್‌ವರ್ಕ್ ಕಾರ್ಡ್ ಜೋಡಿಸುವ ಕ್ರಮ

ಮಂಡ್ಯ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ನನಗೆ ಫೋನ್ ಬರುವುದೂ ಶುರು. ಸಿಡಿಲು ಎಲ್ಲೋ ದೂರದಲ್ಲಿ ಬಡಿದಿರುತ್ತದೆ. ಅದರ ಹೊಡೆತ ಟೆಲಿಫೋನ್ ತಂತಿ ಹಿಡಿದು ಮೋಡೆಮ್‌ಗೆ, ಅಲ್ಲಿಂದ ನೆಟ್‌ವರ್ಕ್ ಕೇಬಲ್ಲಿನಲ್ಲಿ ಹರಿದು ಮದರ್‌ಬೋರ್ಡಿನಲ್ಲೇ ಕೂತಿರುವ ಲ್ಯಾನ್ ಚಿಪ್ಪನ್ನು ಸುಟ್ಟಿರುತ್ತದೆ. ಕಂಪ್ಯೂಟರಿನ ಉಳಿದ ಭಾಗವೆಲ್ಲ ಗಟ್ಟಿಯಾಗೇ ಇರುತ್ತದೆ. ಇಂಥದ್ದಕ್ಕೆ ಪರಿಹಾರ ಸುಲಭ: ಖಾಲಿ ಇರುವ ಸ್ಲಾಟಿಗೆ ಒಂದು ನೆಟ್‌ವರ್ಕ್ ಕಾರ್ಡ್ ಹಾಕುವುದು. ಆದರೆ ವಿಂಡೋಸ್ ಬದಲು ಹಳೇ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಕಾರ್ಡ್ ಹಾಕಿದ ಮೇಲೂ ನೆಟ್ ಬಾರದೆ, ‘ಈ ಮಿಷನ್ನೇ ಹೋಯ್ತು’ ಎಂದು ಗುಜರಿಗೆ ಹಾಕಿದ್ದನ್ನು ನಾನು ಹಲವು ಕಡೆ ನೋಡಿದ್ದೇನೆ.

ಪಾಂಡವಪುರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಉಬುಂಟು 10.04 ಎಂಬ ಲಿನಕ್ಸ್ ಇದ್ದ ಎಂಟು ಕಂಪ್ಯೂಟರುಗಳ ಲ್ಯಾಬ್ ಇತ್ತು. ಮಕ್ಕಳಿಗೆ ಬೇಕಾದ ಪಾಠ, ಚಿತ್ರಗಳೆಲ್ಲ ಲ್ಯಾಬಿನದೇ ಒಂದು ಸರ್ವರ್‌ನಲ್ಲಿದ್ದವು. ಮಳೆಯಾದ ಮಾರನೇ ದಿನದಿಂದ ಎರಡು ಕಂಪ್ಯೂಟರಿಗೆ ಸರ್ವರ್ ಸಿಗದಾಯಿತು. ‘ಮೂರು ಸಲ ಉಬುಂಟು ಅಳಿಸಿ ಹೊಸದಾಗಿ ಹಾಕ್ಸಿದೀನಿ ಸಾರ್, ಕಾರ್ಡೂ ಎರಡು ಸಲ ಬದಲಾಯ್ಸಿದ್ದಾಯ್ತು. ಲೈಟ್ ಉರೀತದೆ, ನೆಟ್ ಮಾತ್ರ ಇಲ್ಲ’ ಅಂದರು ಮೇಷ್ಟ್ರು. ‘ಲೈಟ್ ಉರೀತಿದ್ರೆ ಕಾರ್ಡ್ ಸರಿಯಾಗೇ ಇದೆ ಮೇಷ್ಟ್ರೇ, ಬನ್ನಿ ನೋಡೋಣ’ ಅಂದೆ. ಇಪ್ಪತ್ತು ನಿಮಿಷದ ಕೆಲಸ ಅದು. ಆ ಇಪ್ಪತ್ತು ನಿಮಿಷವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಸೂಚನೆ: ಕಮಾಂಡುಗಳನ್ನು ಓದಿಕೊಳ್ಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಯಾವ ಕಾರ್ಡ್

ಕಣ್ಣು ಮುಚ್ಚಿಕೊಂಡು ರಿಯಲ್‌ಟೆಕ್ 8139 ಚಿಪ್ ಇರುವ ಪಿಸಿಐ ಕಾರ್ಡ್ ತನ್ನಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದ್ದು, ಶಾಲೆಗೆ, ಮನೆಗೆ ಧಾರಾಳ. ಇದರ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, 2001ರಲ್ಲಿ ಬಂದ 2.4 ಕರ್ನಲ್‌ನ (ಲಿನಕ್ಸಿನ ತಿರುಳಿನ) ಕಾಲದಿಂದಲೂ ಲಿನಕ್ಸಿನ ಒಳಗೇ ಇದೆ. ಅದರ ಮೂಲ ಬರೆದವರು ಡೊನಾಲ್ಡ್ ಬೆಕರ್. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಜೊತೆ ಸೇರಿ 16 ಮಾಮೂಲಿ 486 ಕಂಪ್ಯೂಟರುಗಳನ್ನು ಈಥರ್ನೆಟ್‌ನಿಂದ ಹೆಣೆದು ಬೇವುಲ್ಫ್ ಎಂಬ ಗಣಕ ಸಮೂಹ ಕಟ್ಟಿದವರು ಅವರೇ. ಆ ಕೆಲಸಕ್ಕೆಂದು ಅವರು ಅಗ್ಗದ ಕಾರ್ಡುಗಳಿಗೆ ಒಂದಾದ ಮೇಲೊಂದು ಡ್ರೈವರ್ ಬರೆದು ಎಲ್ಲರಿಗೂ ಹಂಚಿದರು. ನಮ್ಮ ಹಳ್ಳಿ ಶಾಲೆಯ ಹಳೇ ಕಾರ್ಡ್ ಇವತ್ತಿಗೂ ಸಿ.ಡಿ. ಕೇಳದೆ ಕೆಲಸ ಮಾಡುವುದರಲ್ಲಿ ಆ ದುಡಿಮೆಯ ಪಾಲಿದೆ. ಅಂಗಡಿಯವರು ಕಾರ್ಡಿನ ಜೊತೆ ಡ್ರೈವರ್ ಸಿ.ಡಿ. ಕೊಟ್ಟರೆ ಅದನ್ನು ಡ್ರೈವಿಗೆ ಹಾಕಲೇಬೇಡಿ, ಅದು ವಿಂಡೋಸ್‌ನವರಿಗೆ.

ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ಲ್ಯಾನ್ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಕಾರ್ಡ್ ಬಿಚ್ಚಿ ಹಾಕುವ ತಾಪತ್ರಯ ಇಲ್ಲವೆಂದು ಹೆಸರಿಲ್ಲದ ಎರಡು ಅಡಾಪ್ಟರ್ ಒಮ್ಮೆ ತಂದಿದ್ದೆ. ಎರಡಕ್ಕೂ ಒಂದೇ ಮ್ಯಾಕ್ ವಿಳಾಸ, ಅಂದರೆ ಕಾರ್ಡಿನ ಗುರುತಿನ ಸಂಖ್ಯೆ! ಒಂದು ಕಂಪ್ಯೂಟರ್ ಹಾಕಿದರೆ ಇನ್ನೊಂದರ ನೆಟ್ ಹೋಗುತ್ತಿತ್ತು. ಕಾರಣ ಹುಡುಕಲು ಇಡೀ ಒಂದು ದಿನ ಹಿಡಿಯಿತು.

ಕೂರಿಸುವುದು

ಶಟ್‌ಡೌನ್ ಮಾಡಿದರೆ ಸಾಲದು, ಪವರ್ ಕೇಬಲ್ಲನ್ನೇ ಕೀಳಿ. ಮದರ್‌ಬೋರ್ಡಿಗೆ ಆಫ್ ಆದ ಮೇಲೂ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಕೇಬಲ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಉಳಿದದ್ದನ್ನೂ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಆಮೇಲೆ ಕೈ ಒಳಗೆ ಹಾಕಿ.

ಆಲೆಮನೆಗಳ ಆಸುಪಾಸಿನ ಊರುಗಳಲ್ಲಿ ಕಂಪ್ಯೂಟರಿನ ಒಳಗೆ ಕೂರುವುದು ಬರೀ ಧೂಳಲ್ಲ, ಹೊಗೆಯ ಅಂಟು ಮಸಿ. ಊದಿದರೆ ಅದು ಏಳುವುದಿಲ್ಲ. ಹಳೇ ಕಾರ್ಡಾದರೆ ಅದರ ತಳದ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ, ಒಳಗಿನಿಂದ ಅಂಚಿನ ಕಡೆಗೆ, ಮೆಲ್ಲಗೆ ಉಜ್ಜಿ. ರಬ್ಬರಿನ ಬಿಳಿ ಮೈಗೆ ಕಪ್ಪು ಗೆರೆ ಗೆರೆಯಾಗಿ ಹತ್ತುವುದು ಕಾಣುತ್ತದೆ. ಕಪ್ಪು ಹತ್ತುವುದು ನಿಂತ ಮೇಲೆ ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಉಪ್ಪು ಕಾಗದ ಬೇಡ, ಚಿನ್ನದ ಲೇಪವೇ ಎದ್ದು ಬರುತ್ತದೆ. ಪಿಸಿಐ ಸ್ಲಾಟ್ ಸಾಮಾನ್ಯವಾಗಿ ಬಿಳಿ ಬಣ್ಣದ್ದು, ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದ. ಎರಡೂ ತುದಿಗೆ ಸಮನಾಗಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿಯಿರಿ. ಕೇಬಲ್ ಸಿಕ್ಕಿಸಿ.

ಮದರ್‌ಬೋರ್ಡಿನ ಹಳೇ ಲ್ಯಾನ್ ಮುಚ್ಚುವುದು

ಕಂಪ್ಯೂಟರ್ ಹಾಕಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗುಗಳ ಪರದೆಗೆ) ಹೋಗಿ, ಆನ್‌ಬೋರ್ಡ್ ಲ್ಯಾನ್ ಎಂಬುದನ್ನು ಡಿಸೇಬಲ್ ಮಾಡಿ. ಬಹಳಷ್ಟು ಬೋರ್ಡುಗಳಲ್ಲಿ ಅದು ಇಂಟಿಗ್ರೇಟೆಡ್ ಪೆರಿಫೆರಲ್ಸ್ ಎಂಬ ಪುಟದಲ್ಲಿರುತ್ತದೆ. ಎಫ್10 ಒತ್ತಿ ಉಳಿಸಿ ಹೊರಬನ್ನಿ. ಅಲ್ಲಿರುವ ತಾರೀಖನ್ನೂ ನೋಡಿಕೊಳ್ಳಿ. ಅದರ ಕೆಲಸ ಕೊನೆಯಲ್ಲಿ ಬರುತ್ತದೆ.

ಈ ಒಂದು ಹೆಜ್ಜೆಯನ್ನು ಯಾರೂ ಇಡುವುದಿಲ್ಲ. ಸಿಡಿಲು ಹೊಡೆದ ಚಿಪ್ ಎಷ್ಟೋ ಸಲ ಪೂರ್ತಿ ಸಾಯುವುದಿಲ್ಲ. ಕೇಬಲ್ಲಿನ ಕಡೆಯ ಭಾಗ ಸುಟ್ಟಿರುತ್ತದೆ, ಒಳಗಡೆ ಮಾತ್ರ ‘ನಾನಿದ್ದೇನೆ’ ಎಂದು ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ. ಮೇಷ್ಟ್ರು ಮೂರು ಸಲ ಹೊಸದಾಗಿ ಹಾಕಿಸಿದರೂ ಪ್ರಯೋಜನವಾಗದೆ ಹೋದದ್ದು ಇದರಿಂದಲೇ. ಪ್ರತಿ ಸಲವೂ ಲಿನಕ್ಸ್ ಮೊದಲ ಜಾಗವನ್ನು ಆ ಅರೆಜೀವದ ಚಿಪ್ಪಿಗೇ ಕೊಡುತ್ತಿತ್ತು.

ಕಾರ್ಡ್ ಕಂಡಿತೇ?

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ, ಒಂದು ಸ್ಪೇಸ್, ಮೈನಸ್ ಚಿಹ್ನೆ, ಅದಕ್ಕೆ ಅಂಟಿದಂತೆ ಎರಡು ಸಲ ಎನ್ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ‘ಈಥರ್ನೆಟ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಚೌಕ ಆವರಣದಲ್ಲಿ 10ಇಸಿ:8139 ಎಂದಿದ್ದರೆ ನಿಮ್ಮ ಕಾರ್ಡ್ ಸಿಕ್ಕಿತು. ಮೊದಲ ಭಾಗ ಕಂಪನಿಯ ಗುರುತು, ಎರಡನೆಯದು ಚಿಪ್ಪಿನದು. ಡಬ್ಬದ ಮೇಲಿನ ಹೆಸರಿಗಿಂತ ಈ ಗುರುತನ್ನೇ ನಂಬಿ. ಸಾಲೇ ಇಲ್ಲವಾದರೆ ಕಾರ್ಡ್ ಸರಿಯಾಗಿ ಕೂತಿಲ್ಲ. ಬಿಚ್ಚಿ ಪಕ್ಕದ ಸ್ಲಾಟಿಗೆ ಹಾಕಿ. ಎರಡು ಸಾಲು ಬಂದರೆ ಬಯಾಸ್‌ನಲ್ಲಿ ಹಳೇದನ್ನು ಮುಚ್ಚಿಲ್ಲ ಎಂದರ್ಥ.

ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ (ಡಿ-ಎಂ-ಇ-ಎಸ್-ಜಿ) ಎಂಬ ಕಮಾಂಡ್ ಗೊತ್ತಿರುವವರು ಇಲ್ಲೊಂದು ಕಡೆ ಗಾಬರಿಯಾಗುತ್ತಾರೆ. ‘ಇದು 8139ಸಿ ಪ್ಲಸ್‌ಗೆ ಹೊಂದುವ ಚಿಪ್ ಅಲ್ಲ, 8139ಟೂ ಬಳಸಿ’ ಎಂಬ ಅರ್ಥದ ಸಂದೇಶ ಅಲ್ಲಿರುತ್ತದೆ. ಅದನ್ನು ಓದಿ ಕಾರ್ಡ್ ನಕಲಿ ಎಂದು ಅಂಗಡಿಗೆ ವಾಪಸ್ ಕೊಟ್ಟವರಿದ್ದಾರೆ. ಅದು ದೋಷವೇ ಅಲ್ಲ. ಈ ಚಿಪ್ಪಿಗೆ ಎರಡು ಡ್ರೈವರ್ ಇವೆ. ಮೊದಲು ಬಂದದ್ದು ‘ಇದು ನನ್ನದಲ್ಲ’ ಎಂದು ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ, ಅಷ್ಟೆ. ಇನ್ನೊಂದು ತಾನಾಗಿ ಬರದಿದ್ದರೆ ಸುಡೋ ಮಾಡ್‌ಪ್ರೋಬ್ 8139ಟೂ ಎಂದು ಕೊಡಿ. ಕೊನೆಯ ‘ಟೂ’ ಅಂಕಿಯಲ್ಲ, ಟಿ-ಓ-ಓ.

ಖಾತೆ ಬದಲಾವಣೆ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಹಳೇ ಲಿನಕ್ಸ್‌ನಲ್ಲಿ ಮೊದಲ ನೆಟ್‌ವರ್ಕ್ ಕಾರ್ಡಿಗೆ ಇಟಿಎಚ್0, ಎರಡನೆಯದಕ್ಕೆ ಇಟಿಎಚ್1 ಎಂದು ಹೆಸರು. ಪ್ರತಿ ಕಾರ್ಡಿಗೂ ತನ್ನದೇ ಮ್ಯಾಕ್ ವಿಳಾಸ ಇರುತ್ತದೆ, ಆರು ಜೋಡಿ ಅಕ್ಷರ-ಅಂಕಿಗಳದ್ದು. ಯಾವ ಮ್ಯಾಕ್ ವಿಳಾಸಕ್ಕೆ ಯಾವ ಹೆಸರು ಎಂಬುದನ್ನು ಈ ಲಿನಕ್ಸ್ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕಾರ್ಡ್ ಬದಲಾದರೂ ಹಳೇ ನಮೂದು ಅಳಿಯುವುದಿಲ್ಲ. ಜಮೀನು ಮಾರಿಯಾಗಿದೆ, ಪಹಣಿ ಮಾತ್ರ ಇನ್ನೂ ಹಳೇ ಒಡೆಯನ ಹೆಸರಿನಲ್ಲೇ ಇದೆ, ಹಾಗೆ. ಇಟಿಎಚ್0 ಎಂಬ ಹೆಸರು ಈಗಾಗಲೇ ಸತ್ತ ಚಿಪ್ಪಿಗೆ ಮೀಸಲು, ಆದ್ದರಿಂದ ಹೊಸ ಕಾರ್ಡ್ ಇಟಿಎಚ್1 ಆಗುತ್ತದೆ. ಇತ್ತ ಲ್ಯಾಬ್ ಮಾಡಿಕೊಟ್ಟವರು ಐಪಿ ವಿಳಾಸವನ್ನೆಲ್ಲ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ಅಂಕಿ ವಿಳಾಸ) ಇಟಿಎಚ್0 ಹೆಸರಿಗೇ ಬರೆದುಹೋಗಿರುತ್ತಾರೆ. ಕಾರ್ಡ್ ಸರಿ, ಡ್ರೈವರ್ ಸರಿ, ಕೇಬಲ್ ಸರಿ, ಲೈಟೂ ಉರಿಯುತ್ತದೆ, ವಿಳಾಸ ಮಾತ್ರ ಇಲ್ಲದವನ ಮನೆ ಬಾಗಿಲಿಗೆ ಹೋಗಿ ಬಿದ್ದಿರುತ್ತದೆ. ಒಂದು ಕಂಪ್ಯೂಟರಿನ ಡಿಸ್ಕನ್ನು ನಕಲು ಮಾಡಿ ಇನ್ನೊಂದಕ್ಕೆ ಹಾಕಿದಾಗಲೂ ಇದೇ ಆಗುತ್ತದೆ.

ಖಚಿತಪಡಿಸಿಕೊಳ್ಳಲು ಐಎಫ್‌ಕಾನ್ಫಿಗ್, ಸ್ಪೇಸ್, ಮೈನಸ್ ಎ ಎಂದು ಕೊಡಿ. ಮೈನಸ್ ಎ ಬಿಡಬೇಡಿ. ಅದಿಲ್ಲದಿದ್ದರೆ ಚಾಲೂ ಆಗಿರುವ ಕಾರ್ಡ್ ಮಾತ್ರ ತೋರಿಸುತ್ತದೆ, ನೀವು ಹುಡುಕುತ್ತಿರುವುದೋ ಇನ್ನೂ ಮಲಗಿರುವುದನ್ನು. ಇಟಿಎಚ್1 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಕಾಯಿಲೆ ಸಿಕ್ಕಿತು. ಅದರ ಎದುರಿನ ಮ್ಯಾಕ್ ವಿಳಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಈಗ ಆ ಕಡತ. ಇಟಿಸಿ ಫೋಲ್ಡರಿನ ಒಳಗೆ ಯುಡೆವ್, ಅದರೊಳಗೆ ರೂಲ್ಸ್.ಡಿ, ಅಲ್ಲಿ 70-ಪರ್ಸಿಸ್ಟೆಂಟ್-ನೆಟ್.ರೂಲ್ಸ್ ಎಂಬ ಹೆಸರಿನದು. ಸುಡೋ ನ್ಯಾನೋ ಎಂದು ಟೈಪ್ ಮಾಡಿ, ಪೂರ್ತಿ ದಾರಿ ಕೊಟ್ಟು ತೆರೆಯಿರಿ. ಪ್ರತಿ ಕಾರ್ಡಿಗೂ ಒಂದೊಂದು ಉದ್ದನೆಯ ಸಾಲು, ಅದರ ಮಧ್ಯೆ ಮ್ಯಾಕ್ ವಿಳಾಸ, ಕೊನೆಯಲ್ಲಿ ಹೆಸರು. ಮೇಷ್ಟ್ರ ಕಂಪ್ಯೂಟರಿನಲ್ಲಿ ಮೂರು ಸಾಲಿದ್ದವು: ಸುಟ್ಟ ಚಿಪ್ಪಿನದು, ಮೊದಲು ಹಾಕಿ ತೆಗೆದ ಕಾರ್ಡಿನದು, ಈಗಿನದು. ಈಗಿನದರ ಹೆಸರು ಇಟಿಎಚ್2! ಕಾಗದದ ಮೇಲಿನ ವಿಳಾಸಕ್ಕೆ ಬೆರಳಿಟ್ಟು ಅವರು ಒಂದೊಂದೇ ಜೋಡಿ ಓದಿದರು, ನಾನು ಪರದೆಯ ಮೇಲೆ ತಾಳೆ ನೋಡಿದೆ. ಕೊನೆಯ ಜೋಡಿ 47 ಹೊಂದಿದಾಗ ‘ಇದೇ ಸಾರ್’ ಅಂದರು. ಬೇರೆ ಎರಡು ಸಾಲುಗಳ ಮೊದಲಿಗೆ ಒಂದೊಂದು ಹ್ಯಾಶ್ ಚಿಹ್ನೆ ಹಾಕಿದೆವು, ಅಲ್ಲಿಗೆ ಅವು ಲೆಕ್ಕಕ್ಕಿಲ್ಲ. ನಮ್ಮ ಸಾಲಿನ ಕೊನೆಯ 2 ಅಳಿಸಿ 0 ಮಾಡಿದೆವು. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ರೀಸ್ಟಾರ್ಟ್.

ಕಡತವನ್ನೇ ಅಳಿಸಿ ರೀಸ್ಟಾರ್ಟ್ ಮಾಡುವ ಅಡ್ಡದಾರಿಯೂ ಉಂಟು. ಕಂಪ್ಯೂಟರ್ ಹೊಸ ಕಡತ ತಾನೇ ಬರೆದುಕೊಳ್ಳುತ್ತದೆ. ಬಯಾಸ್‌ನಲ್ಲಿ ಹಳೇ ಲ್ಯಾನ್ ಮುಚ್ಚಿದ್ದರೆ ಅದೂ ನಡೆಯುತ್ತದೆ. ಮುಚ್ಚದೆ ಅಳಿಸಿದರೆ ಅರೆಜೀವದ ಚಿಪ್ ಮತ್ತೆ ಮೊದಲ ಜಾಗ ಹಿಡಿಯಬಹುದು, ಮೊದಲಿಂದ ಶುರು ಮಾಡಬೇಕು. ಕೈಯಿಂದ ತಿದ್ದುವುದೇ ಸರಿ, ಏನಾಯಿತು ಎಂಬುದು ನಿಮಗೂ ಅರ್ಥವಾಗುತ್ತದೆ. ಹೊಸ ಲಿನಕ್ಸ್‌ಗಳಲ್ಲಿ ಈ ಪಾಡಿಲ್ಲ. 2013ರ ನಂತರ ಸ್ಲಾಟಿನ ಜಾಗ ನೋಡಿ ಹೆಸರಿಡುವ ಪದ್ಧತಿ ಬಂತು.

ವಿಳಾಸ

ಇಟಿಸಿ ಫೋಲ್ಡರಿನ ನೆಟ್‌ವರ್ಕ್ ಒಳಗಿನ ಇಂಟರ್‌ಫೇಸಸ್ ಕಡತ ನೋಡಿ. ಅಲ್ಲಿ ಇಟಿಎಚ್0 ಎಂದು ಬರೆದಿದ್ದರೆ ಮೇಲಿನ ಮೂಲೆಯ ನೆಟ್‌ವರ್ಕ್ ಐಕಾನ್ ಆ ಕಾರ್ಡನ್ನು ಮುಟ್ಟುವುದಿಲ್ಲ. ಐಕಾನ್ ಕ್ಲಿಕ್ಕಿಸಿ ಕ್ಲಿಕ್ಕಿಸಿ ಸುಸ್ತಾಗಬೇಡಿ. ಲ್ಯಾಬ್ ಆದರೆ ಪ್ರತಿ ಕಂಪ್ಯೂಟರಿಗೂ ಸ್ಥಿರ ವಿಳಾಸ ಕೊಡಿ ಎಂಬುದು ನನ್ನ ಹಟ: 192.168.1.11, 12, 13 ಹೀಗೆ, ಮಾನಿಟರ್ ಮೇಲೆ ಬರೆದಿರುವ ಕ್ರಮಸಂಖ್ಯೆಗೆ ಹೊಂದುವಂತೆ. ನೆಟ್‌ಮಾಸ್ಕ್ 255.255.255.0, ಗೇಟ್‌ವೇ ರೌಟರಿನ ವಿಳಾಸ. ಮನೆಯಲ್ಲಾದರೆ ಆ ಕಡತದ ಇಟಿಎಚ್0 ಸಾಲುಗಳನ್ನು ತೆಗೆದು ರೀಸ್ಟಾರ್ಟ್ ಮಾಡಿ, ಐಕಾನೇ ನೋಡಿಕೊಳ್ಳುತ್ತದೆ.

ಪಿಂಗ್ ಮಾಡಿ ನೋಡುವುದು

ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳುವ ಕಮಾಂಡ್. ಮೊದಲು ರೌಟರಿಗೆ, ಆಮೇಲೆ ಗೂಗಲ್‌ನ 8.8.8.8 ಸರ್ವರಿಗೆ, ಆಮೇಲೆ ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್ ಕೊಡಿ. ರೌಟರೇ ಉತ್ತರಿಸದಿದ್ದರೆ ಕೇಬಲ್ ಬದಲಿಸಿ. ರೌಟರ್ ಸಿಕ್ಕು 8.8.8.8 ಸಿಗದಿದ್ದರೆ ಗೇಟ್‌ವೇ ತಪ್ಪಿರಬಹುದು, ಇಲ್ಲವೇ ಇಂಟರ್ನೆಟ್ಟೇ ಇಲ್ಲ. ಅಂಕಿ ಸಿಕ್ಕು ಹೆಸರು ಸಿಗದಿದ್ದರೆ ಇಟಿಸಿಯ ರಿಸಾಲ್ವ್.ಕಾನ್ಫ್ ಕಡತದಲ್ಲಿ ನೇಮ್‌ಸರ್ವರ್ (ಹೆಸರನ್ನು ಅಂಕಿಗೆ ತಿರುಗಿಸುವ ಸರ್ವರ್) ಸಾಲಿಲ್ಲ, ಇಲ್ಲವೇ ಅದು ತಪ್ಪಿದೆ.

ಎಲ್ಲಕ್ಕೂ ಉತ್ತರ ಬಂದೂ ಜಾಲತಾಣಗಳು ‘ಸರ್ಟಿಫಿಕೇಟ್ ಸರಿಯಿಲ್ಲ’ ಎಂದರೆ ಕಾರ್ಡನ್ನು ದೂರಬೇಡಿ. ಬಯಾಸ್‌ನಲ್ಲಿ ನೋಡಿದ ತಾರೀಖು ನೆನಪಿಸಿಕೊಳ್ಳಿ. ಮದರ್‌ಬೋರ್ಡಿನ ಬಿಲ್ಲೆಯಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಇವತ್ತಿನ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಬ್ಯಾಟರಿ ಬದಲಿಸಿ, ತಾರೀಖು ಸರಿಪಡಿಸಿ. ಆಗಲೂ ತೆರೆಯದಿದ್ದರೆ ಬ್ರೌಸರ್ ಹಳೆಯದು ಎಂದರ್ಥ. ಡೆಸ್ಕ್‌ಟಾಪ್ ಉಬುಂಟು 10.04ಕ್ಕೆ ಅಪ್‌ಡೇಟ್ ಬರುವುದು 2013ರಲ್ಲೇ ನಿಂತಿದೆ. ಬ್ಯಾಂಕಿನ ಕೆಲಸವನ್ನಂತೂ ಇಂಥ ಕಂಪ್ಯೂಟರಿನಲ್ಲಿ ಮಾಡಲೇಬೇಡಿ. ಸರ್ವರ್‌ನಿಂದ ಪಾಠ ತೆರೆಯಲು, ಪ್ರಿಂಟ್ ಕೊಡಲು, ಮಕ್ಕಳು ಟೈಪಿಂಗ್ ಕಲಿಯಲು ಅದು ಇನ್ನೂ ಗಟ್ಟಿ.

ಮುಚ್ಚಳ ಹಾಕುವ ಮುನ್ನ ಒಂದು ಚೀಟಿಯಲ್ಲಿ ಚಿಪ್ಪಿನ ಗುರುತು, ಮ್ಯಾಕ್ ವಿಳಾಸ, ಐಪಿ ವಿಳಾಸ, ‘ಆನ್‌ಬೋರ್ಡ್ ಲ್ಯಾನ್ ಮುಚ್ಚಿದೆ’ ಎಂಬ ಮಾತು, ಇವಿಷ್ಟನ್ನು ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಟೇಪ್ ಹಾಕಿ ಅಂಟಿಸಿ. ಮಳೆಗಾಲದಲ್ಲಿ ಶಾಲೆ ಬಿಡುವಾಗ ಪವರ್ ಪ್ಲಗ್ಗಿನ ಜೊತೆ ಮೋಡೆಮ್‌ನ ಟೆಲಿಫೋನ್ ತಂತಿಯನ್ನೂ ಕಿತ್ತಿಡಿ.