ಪ್ರಾಡಕ್ಟ್ ಮ್ಯಾನೇಜರ್ ಆಗಹೊರಟವರು ತೂಕದ ಹೊತ್ತಿಗೆ ತೋಟಕ್ಕೆ ಹೋಗಬೇಕು

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಹುಡುಗ ಹುಡುಗಿಯರು ಪ್ರಾಡಕ್ಟ್ ಮ್ಯಾನೇಜರ್ ಎಂದರೆ ಏನು ಕೆಲಸ ಎಂದು ಕೇಳಿದಾಗ, ನಾನು ಅವರಿಗೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರನ್ನು ನೆನಪಿಸುತ್ತೇನೆ. ತೋಟ ಅವರದಲ್ಲ, ದುಡ್ಡು ಸಾಹುಕಾರರದು, ಆಳುಗಳನ್ನು ಕರೆತರುವವರು ಮೇಸ್ತ್ರಿ. ಆದರೂ ಇಂದು ಯಾವ ಬ್ಲಾಕಿನಲ್ಲಿ ಕುಯ್ಲು ನಡೆಯಬೇಕು, ಯಾವುದನ್ನು ನಾಳೆಗೆ ಬಿಡಬಹುದು ಎಂಬುದೆಲ್ಲ ಅವರ ಮೂಲಕವೇ ತೀರ್ಮಾನವಾಗುತ್ತದೆ, ಲೆಕ್ಕ ತಪ್ಪಿದರೆ ಎಲ್ಲರೂ ಬೊಟ್ಟು ಮಾಡುವುದು ಅವರ ಕಡೆಗೇ. ಪ್ರಾಡಕ್ಟ್ ಮ್ಯಾನೇಜರನ ಸ್ಥಿತಿಯೂ ಇದೇ. ಎಂಜಿನಿಯರುಗಳು, ಡಿಸೈನರುಗಳು, ಮಾರಾಟದವರು ಯಾರೂ ಅವನ ಕೈಕೆಳಗಿನವರಲ್ಲ. ಆದರೆ ಏನನ್ನು ಕಟ್ಟಬೇಕು, ಏಕೆ ಕಟ್ಟಬೇಕು, ಯಾವುದನ್ನು ಕಟ್ಟಬಾರದು ಎಂಬುದಕ್ಕೆ ಉತ್ತರ ಕೊಡಬೇಕಾದವನು ಅವನೇ.

ಈ ಹುದ್ದೆ ಸಾಫ್ಟ್‌ವೇರ್ ಜೊತೆ ಹುಟ್ಟಿದ್ದೂ ಅಲ್ಲ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡಿಗೂ ಅದರ ಪೂರ್ತಿ ಹೊಣೆ ಹೊರುವ ಜನ ಬೇಕೆಂದು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದರು. ಸರಕು ಎಲ್ಲಿ ಚೆನ್ನಾಗಿ ಹೋಗುತ್ತಿದೆ, ಎಲ್ಲಿ ಇಲ್ಲ, ಏಕಿಲ್ಲ ಎಂಬುದನ್ನು ಆಯಾ ಊರಿಗೇ ಹೋಗಿ ತಿಳಿಯಬೇಕೆಂಬುದು ಅದರ ತಿರುಳು. ತೊಂಬತ್ತು ವರ್ಷ ಕಳೆದ ಮೇಲೂ ಹೊಸಬರು ಎಡವುವುದು ಇಲ್ಲಿಯೇ: ಮೇಜಿನ ಮುಂದೆ ಕುಳಿತೇ ಎಲ್ಲವನ್ನೂ ತಿಳಿದುಬಿಡಬಹುದೆಂಬ ನಂಬಿಕೆ.

ಮೊದಲು ನೋಡುವುದು, ಆಮೇಲೆ ಕೇಳುವುದು

ನಾನು ಹಿಂದೆ ಇದ್ದ ಒಂದು ಸಣ್ಣ ಕಂಪನಿಯಲ್ಲಿ ತೋಟದ ಹಾಜರಿ ಮತ್ತು ಕುಯ್ಲಿನ ಲೆಕ್ಕಕ್ಕಾಗಿ ಮೊಬೈಲ್ ಆ್ಯಪ್ ಮಾಡುತ್ತಿದ್ದೆವು. ಬೆಳೆಗಾರರನ್ನು ಫೋನಿನಲ್ಲಿ ಕೇಳಿದಾಗ ಎಲ್ಲರೂ ಬಣ್ಣಬಣ್ಣದ ನಕ್ಷೆಗಳಿರುವ ದಿನದ ವರದಿ ಬೇಕೆಂದರು, ನಾವೂ ಮೂರು ತಿಂಗಳು ಅದನ್ನೇ ಕಟ್ಟಿದೆವು. ನಂತರ ಡಿಸೆಂಬರಿನ ಒಂದು ಸಂಜೆ ಮೂಡಿಗೆರೆ ಕಡೆಯ ತೋಟದಲ್ಲಿ ಕೊಯ್ದ ಹಣ್ಣಿನ ತೂಕದ ಹೊತ್ತಿಗೆ ನಿಂತು ನೋಡಿದಾಗ ನಮ್ಮ ತಪ್ಪು ತಿಳಿಯಿತು. ಬೆಳಕು ಇಳಿಯುತ್ತಿತ್ತು, ನೆಟ್‌ವರ್ಕ್ ಇರಲಿಲ್ಲ, ಹಣ್ಣಿನ ಸಿಹಿ ಅಂಟು ಹತ್ತಿದ ಬೆರಳಿಗೆ ಫೋನಿನ ಪರದೆ ಜಗ್ಗುತ್ತಿರಲಿಲ್ಲ. ನಮ್ಮ ಆ್ಯಪಿನಲ್ಲಿ ಒಬ್ಬರ ತೂಕ ದಾಖಲಿಸಲು 30 ಸೆಕೆಂಡು ಬೇಕಿತ್ತು, ರೈಟರ ಪುಸ್ತಕದಲ್ಲಿ 10 ಸೆಕೆಂಡು ಸಾಕಿತ್ತು. 40 ಆಳುಗಳ ಸಾಲಿಗೆ ಇದನ್ನು ಗುಣಿಸಿದರೆ ಒಂದು ಕಡೆ 20 ನಿಮಿಷ, ಇನ್ನೊಂದು ಕಡೆ 7 ನಿಮಿಷಕ್ಕೂ ಕಡಿಮೆ. ದಿನವಿಡೀ ಬಗ್ಗಿ ಎದ್ದು ಕೊಯ್ದು, ಚೀಲ ಹೊತ್ತು ಬಂದವರನ್ನು ಹೆಚ್ಚುವರಿ 13 ನಿಮಿಷ ಕತ್ತಲಲ್ಲಿ ನಿಲ್ಲಿಸುವ ಸಾಧನವನ್ನು ಯಾವ ರೈಟರೂ ಎರಡನೆಯ ದಿನ ಕೈಯಲ್ಲಿ ಹಿಡಿಯುವುದಿಲ್ಲ.

ಇನ್ನೂ ಮುಖ್ಯವಾದುದು ಕೂಲಿ ಬಟವಾಡೆಯ ದಿನ ಕಂಡಿತು. ತೂಕ ಬರೆದುಕೊಳ್ಳುವುದು ಅಲ್ಲಿ ಯಾರಿಗೂ ಕಷ್ಟವಾಗಿರಲಿಲ್ಲ. ಮಂಗಳವಾರ ನಾನು 60 ಕೆಜಿ ಕೊಯ್ದಿದ್ದೆ, ನೀವು 50 ಬರೆದಿದ್ದೀರಿ ಎಂಬ ಜಗಳವೇ ನಿಜವಾದ ಕಷ್ಟವಾಗಿತ್ತು; ಹಸಿರುಕಾಯಿ ಬೆರೆತಿದೆಯೆಂದು ಕಡಿತ ಮಾಡಿದ ತೂಕ ಅದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತಿತ್ತು. ಆದ್ದರಿಂದ ನಾವು ವರದಿಯನ್ನು ಬದಿಗಿಟ್ಟು, ತೂಕ ದಾಖಲಾದ ಕೂಡಲೇ ಹೆಸರನ್ನೂ ಕೆಜಿಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಮಾಡಿದೆವು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡ ಅಂಕಿಯ ಮೇಲೆ ವಾರದ ಕೊನೆಗೆ ತಕರಾರು ಏಳುವುದು ಕಡಿಮೆಯಾಯಿತು. ಅಸ್ಸಾಮಿನಿಂದ ಬಂದ ಆಳುಗಳಿಗೆ ಕನ್ನಡ ಅರ್ಥವಾಗುವುದಿಲ್ಲವೆಂಬುದು ನಮಗೆ ಹೊಳೆದದ್ದು ಮಾತ್ರ ಆಮೇಲೆ.

ಕೇಳುವ ಬಗೆಯನ್ನೂ ಕಲಿಯಬೇಕಾಗುತ್ತದೆ. ನಮ್ಮ ಕಡೆಯ ಜನ ಮನೆಗೆ ಬಂದವರ ಮುಖಕ್ಕೆ ಚೆನ್ನಾಗಿಲ್ಲ ಎನ್ನುವುದಿಲ್ಲ. ಕಾಫಿ ಕೊಟ್ಟು, ಒಳ್ಳೆಯದು ಮಾಡಿ ಸಾರ್ ಎಂದು ಕಳುಹಿಸುತ್ತಾರೆ. ಹೀಗಾಗಿ ಇದನ್ನು ಬಳಸುವಿರಾ ಎಂಬ ಪ್ರಶ್ನೆಯಿಂದ ಏನೂ ಸಿಗದು. ಕಳೆದ ಬಾರಿ ಲೆಕ್ಕ ತಪ್ಪಿದ್ದು ಯಾವತ್ತು, ಆಗ ಏನು ಮಾಡಿದಿರಿ, ಅದರಿಂದ ಎಷ್ಟು ಹೊತ್ತು ಅಥವಾ ಎಷ್ಟು ದುಡ್ಡು ಹೋಯಿತು ಎಂದು ನಡೆದುಹೋದ ಸಂಗತಿಯನ್ನೇ ಕೇಳಬೇಕು, ಹೇಳುವವರು ಸುಮ್ಮನಾದಾಗ ನಾವೂ ಸ್ವಲ್ಪ ಸುಮ್ಮನಿರಬೇಕು.

ಬೇಡ ಎನ್ನುವ ಹೊಣೆ

ಒಂದು ತಂಡ ಒಂದು ವರ್ಷದಲ್ಲಿ ಕಟ್ಟಬಹುದಾದುದಕ್ಕಿಂತ ಹತ್ತು ಪಟ್ಟು ಹೆಚ್ಚು ಬೇಡಿಕೆಗಳು ಯಾವಾಗಲೂ ಇರುತ್ತವೆ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಮುಂದಿಟ್ಟ ವಿಂಗಡಣೆ ಇಲ್ಲಿ ನೆರವಾಗುತ್ತದೆ: ಉತ್ಪನ್ನದ ಕೆಲವು ಗುಣಗಳು ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಸಿಟ್ಟಾಗುತ್ತಾರೆ, ಕೆಲವು ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆ, ಇನ್ನು ಕೆಲವು ಯಾರೂ ಕೇಳಿರದಿದ್ದರೂ ಸಿಕ್ಕಾಗ ಖುಷಿ ಕೊಡುತ್ತವೆ. ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುವುದು ಮಲೆನಾಡಿನಲ್ಲಿ ಮೊದಲ ಗುಂಪಿಗೆ ಸೇರುತ್ತದೆ. ಅದಿಲ್ಲದೆ ಮೂರನೆಯ ಗುಂಪಿನ ಅಲಂಕಾರ ಎಷ್ಟಿದ್ದರೂ ವ್ಯರ್ಥ.

ನಿಜವಾದ ಕಷ್ಟವೆಂದರೆ ದೊಡ್ಡ ಗಿರಾಕಿಯೊಬ್ಬರು ಫೋನು ಮಾಡಿ, ತಮ್ಮ ತೋಟದಲ್ಲಿ ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡಗಳ ಎಣಿಕೆಯನ್ನೂ ಇದೇ ಆ್ಯಪಿನಲ್ಲಿ ಸೇರಿಸಿ ಎಂದಾಗ ಬರುತ್ತದೆ. ಮಾರಾಟದವರು ಆಗಲೇ ಹೂಂ ಅಂದಿರುತ್ತಾರೆ. ಕೂಡಲೇ ನಿರಾಕರಿಸುವುದಾಗಲಿ, ನೋಡೋಣ ಎಂದು ವರ್ಷಗಟ್ಟಲೆ ಎಳೆಯುವುದಾಗಲಿ ಸರಿಯಲ್ಲ. ಎರಡನೆಯದು ನನ್ನ ಲೆಕ್ಕದಲ್ಲಿ ಹೆಚ್ಚು ಕೆಟ್ಟದ್ದು. ಇದನ್ನು ಮಾಡಿದರೆ ಈ ಕುಯ್ಲಿಗೆ ಯಾವುದು ತಪ್ಪುತ್ತದೆ ಎಂಬುದನ್ನು ಎದುರಿಗಿಟ್ಟು, ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಯೋಜನೆಯ ಒಂದು ಪುಟದ ಟಿಪ್ಪಣಿಯಲ್ಲಿ ನಾವು ಮಾಡದಿರುವವು ಎಂಬ ಭಾಗ ಇರಲೇಬೇಕು, ಏಕೆಂದರೆ ಮುಂದಿನ ಜಗಳಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಬಗೆಹರಿಯುತ್ತವೆ.

ಕಾಲದ ಲೆಕ್ಕ ತಪ್ಪಿದರೆ ಇದೆಲ್ಲ ನೀರಿನಲ್ಲಿ ಹೋಮ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೇ ಮಾರ್ಚಿನ ತನಕ; ಆ್ಯಪ್ ಫೆಬ್ರವರಿಯಲ್ಲಿ ಸಿದ್ಧವಾದರೆ ಅರೇಬಿಕಾ ತೋಟದಲ್ಲಿ ಅದನ್ನು ಪರೀಕ್ಷಿಸಲು ಮುಂದಿನ ನವೆಂಬರ್ ಬರಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಿಸುತ್ತಿರುವ ದಿನಗಳಲ್ಲಿ ಬೆಳೆಗಾರರನ್ನು ಸಂದರ್ಶನಕ್ಕೆ ಕರೆದರೆ ಫೋನು ಎತ್ತುವುದೂ ಇಲ್ಲ. ಯಾವ ಕ್ಷೇತ್ರದಲ್ಲಿ ಕೆಲಸ ಮಾಡಿದರೂ ಬಳಕೆದಾರರ ಈ ಪಂಚಾಂಗವನ್ನು ಮೊದಲು ತಿಳಿದುಕೊಂಡು, ಅದಕ್ಕೆ ತಕ್ಕಂತೆ ತಂಡದ ಪಂಚಾಂಗವನ್ನು ಹೊಂದಿಸಿಕೊಳ್ಳಬೇಕು.

ಎಂಜಿನಿಯರುಗಳ ಜೊತೆ ವ್ಯವಹರಿಸುವಾಗ ಕೋಡ್ ಬರೆಯಲು ಬರಬೇಕಾಗಿಲ್ಲ, ಆದರೆ ಕಷ್ಟ ಎಲ್ಲಿದೆಯೆಂಬುದು ತಿಳಿದಿರಬೇಕು. ನೆಟ್‌ವರ್ಕ್ ಇಲ್ಲದಾಗ ಒಬ್ಬನೇ ಆಳಿನ ತೂಕವನ್ನು ರೈಟರು ಮತ್ತು ಮೇಸ್ತ್ರಿ ಎರಡು ಫೋನುಗಳಲ್ಲಿ ಬೇರೆಬೇರೆಯಾಗಿ ಬರೆದರೆ, ನೆಟ್‌ವರ್ಕ್ ಬಂದ ಮೇಲೆ ಯಾವುದನ್ನು ಉಳಿಸಬೇಕು? ಇದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ಉತ್ತರ ಇರುವುದು ತೋಟದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದರಲ್ಲಿ, ಆದ್ದರಿಂದ ಅದನ್ನು ತಂದುಕೊಡುವುದು ಪ್ರಾಡಕ್ಟ್ ಮ್ಯಾನೇಜರನ ಕೆಲಸ. ಗೆಲುವನ್ನು ಅಳೆಯುವ ಅಂಕಿಯನ್ನೂ ಕಟ್ಟುವ ಮುಂಚೆಯೇ ಗೊತ್ತುಮಾಡಬೇಕು. ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬುದಕ್ಕಿಂತ, ಎಷ್ಟು ತೋಟಗಳಲ್ಲಿ ಹಳೆಯ ಪುಸ್ತಕವನ್ನು ಬದಿಗಿಟ್ಟು ಸತತ ನಾಲ್ಕು ಬಟವಾಡೆ ನಡೆಯಿತು ಎಂಬ ಅಂಕಿ ಹೆಚ್ಚು ಸತ್ಯ ಹೇಳುತ್ತದೆ.

ಈಗಲೇ ಆರಂಭಿಸುವುದು

ಈ ಹುದ್ದೆಗಳು ಬಹುಪಾಲು ಬೆಂಗಳೂರಿನಲ್ಲಿಯೇ ಇವೆ, ಓದು ಮುಗಿದ ಕೂಡಲೇ ನೇರವಾಗಿ ಸಿಗುವುದೂ ಅಪರೂಪ. ಟೆಸ್ಟಿಂಗ್, ಗ್ರಾಹಕ ಸೇವೆ ಅಥವಾ ದತ್ತಾಂಶ ವಿಶ್ಲೇಷಣೆಯಲ್ಲಿ ಒಂದೆರಡು ವರ್ಷ ದುಡಿದು ಅಲ್ಲಿಂದ ಈ ಕಡೆಗೆ ಹೊರಳಿದವರೇ ಹೆಚ್ಚು. ಸಂದರ್ಶನಕ್ಕೆ ಹೋಗುವ ಮುನ್ನ ಒಂದು ವಾರ ನಿಮ್ಮೂರಿನ ಹಾಲಿನ ಡೇರಿಯ ಮುಂದೆ ಬೆಳಗಿನ ಹೊತ್ತು ನಿಲ್ಲಿ. ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆದು ಕೊಡುವ ಚೀಟಿಯನ್ನು ಯಾರು ಓದುತ್ತಾರೆ, ಯಾರು ಮಡಚಿ ಸೀರೆಯ ಸೆರಗಿಗೆ ಕಟ್ಟಿಕೊಳ್ಳುತ್ತಾರೆ, ಯಾರು ಅಲ್ಲೇ ಬಿಸಾಡುತ್ತಾರೆ, ದರ ಕಡಿಮೆ ಬಂದಾಗ ಯಾರು ಯಾರನ್ನು ಕೇಳುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅದರಿಂದ ಒಂದೇ ಒಂದು ತೊಂದರೆಯನ್ನು ಆರಿಸಿ, ಅದು ಯಾರದು, ಎಷ್ಟು ಸಲ ಬರುತ್ತದೆ, ಈಗ ಅವರು ಹೇಗೆ ಸುಧಾರಿಸುತ್ತಿದ್ದಾರೆ, ಉಳಿದ ತೊಂದರೆಗಳನ್ನು ನೀವೇಕೆ ಬಿಟ್ಟಿರಿ ಎಂದು ಒಂದು ಪುಟ ಬರೆದು, ಆ ಪುಟವನ್ನು ಡೇರಿಯ ಕಾರ್ಯದರ್ಶಿಗೆ ಓದಿ ಹೇಳಿ, ಅವರು ತಿದ್ದಿದ ಕಡೆಯೆಲ್ಲ ಗುರುತು ಹಾಕಿಕೊಂಡು ಆ ಪ್ರತಿಯನ್ನೇ ಸಂದರ್ಶನಕ್ಕೆ ಒಯ್ಯಿರಿ.